ಭಾನುವಾರ ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಡುಗೆಮನೆಯ ನಲ್ಲಿ ಸೋರಲು ಶುರುವಾಗಿ ಆರು ತಿಂಗಳಾಗಿತ್ತು. ಆ ಆರು ತಿಂಗಳೂ ಮನೆಯ ಯಜಮಾನ ಲೋಕದ ತಾರೀಖು ರಿಪೇರಿ ಮಾಡುತ್ತಿದ್ದ.

ಲೋಕದ್ದೆಂದರೆ ಲೋಕದ್ದೇ. ಲೆಕ್ಕದ ಹಾಳೆ ಮಾಡುವ ಸಾಫ್ಟ್‌ವೇರ್ ಒಂದಿದೆ. ಅದು ಯಾರಪ್ಪನ ಸ್ವತ್ತೂ ಅಲ್ಲ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ಒಳಗೆ ಕೈಹಾಕಿ ಪುಕ್ಕಟೆ ದುರಸ್ತಿ ಮಾಡಬಹುದು. (ಆ ಎರಡನೆಯ ಪುಕ್ಕಟೆಯನ್ನು ಅವನ ಅತ್ತೆ ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. ಅವನಿಗೆ ತಾರೀಖಪ್ಪ ಎಂದು ನಾಮಕರಣ ಮಾಡಿದವರೂ ಅವರೇ.) ಆ ಸಾಫ್ಟ್‌ವೇರಿಗೆ ಒಂದು ತಾರೀಖು ಕೊಟ್ಟು, ಇಷ್ಟು ಕೆಲಸದ ದಿನ ಹಿಂದಕ್ಕೆ ಎಣಿಸು ಎಂದರೆ ಭಾನುವಾರವನ್ನು ಬಿಟ್ಟು ಎಣಿಸಬೇಕು. ಅದೋ, ಒಂದೇ ಭಾನುವಾರವನ್ನು ಎರಡು ಸಲ ಬಿಟ್ಟು, ಒಂದು ದಿನ ಹೆಚ್ಚಿಗೆ ಹಿಂದೆ ಹೋಗಿ ನಿಲ್ಲುತ್ತಿತ್ತು. ಮುಖ ಕಾಣದ ದೇಶಾಂತರದ ಪಂಡಿತರೊಂದಿಗೆ ವಾಗ್ಯುದ್ಧ ನಡೆಸಿ ತಾರೀಖಪ್ಪ ಆ ತಪ್ಪನ್ನು ತಿದ್ದಿದ. ತಿದ್ದುಪಡಿ ಅಂಗೀಕಾರವಾಗಿ ಹೊಸ ಆವೃತ್ತಿಯೂ ಹೊರಬಂತು.

ಅಂದಿನಿಂದ ಅವನ ನಿದ್ದೆ ಹಾರಿಹೋಯಿತು. ಎಲ್ಲಾದರೂ ಆಸ್ಪತ್ರೆಯ ಲೆಕ್ಕ ಕೆಟ್ಟರೆ? ಯಾವುದಾದರೂ ಹಡಗು ತಪ್ಪು ದಿನ ಹೊರಟರೆ? ಊಟದ ನಡುವೆಯೂ ಮೊಬೈಲು ತೆಗೆದು ದೂರು ಬಂದಿದೆಯೇ ಎಂದು ನೋಡುತ್ತಿದ್ದ. ಬರಲಿಲ್ಲ. ಬಾರದಿದ್ದುದಕ್ಕೆ ಇನ್ನಷ್ಟು ಹೆದರಿದ.

ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ಅವಳ ಆರ್ಡರುಗಳ ಹಾಳೆಯೂ ಅದೇ ಸಾಫ್ಟ್‌ವೇರಿನದು; ಕೇಕ್ ಕೊಡುವ ದಿನ ಬರೆದರೆ ಕೆಲಸ ಹಿಡಿಯುವ ದಿನವನ್ನು ಅದೇ ತೋರಿಸುತ್ತಿತ್ತು. ಅವಳಿಗೊಂದು ಉಡುಗೊರೆಯಿರಲಿ ಎಂದು ಮಂಗಳವಾರ ಹೇಳದೆ ಕೇಳದೆ ಅವಳ ಕಂಪ್ಯೂಟರಿಗೂ ಹೊಸ ಆವೃತ್ತಿ ಹಾಕಿದ. ಮಾರನೆಯ ದಿನವೇ ಅವಳು ವರ್ಷಗಟ್ಟಲೆ ಕಾದಿದ್ದ ಆರ್ಡರು ಬಂತು. ಮದುವೆ ಹಾಲ್‌ನ ಒಡತಿ, ಮುಂದಿನ ಬುಧವಾರದ ಮದುವೆಗೆ ಮೂರಂತಸ್ತಿನ ಕೇಕ್ ಹೇಳಿದ್ದಳು. ಇದೊಂದು ಚೆನ್ನಾಗಿ ಬಂದರೆ ಇನ್ನು ಹಾಲ್‌ನ ಕೇಕೆಲ್ಲ ನಿನ್ನದೇ ಎಂದಿದ್ದಳು. ಕೆಟ್ಟರೆ ಏನೆಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ.

ಶುಕ್ರವಾರ ಸಂಜೆ ತಾರೀಖಪ್ಪ ಆಫೀಸಿನಿಂದ ಬಂದರೆ ಓವನ್ ತಣ್ಣಗಿತ್ತು. ಹೆಂಡತಿ ಕಾಲು ಚಾಚಿ ಕೂತಿದ್ದಳು.

"ಮದುವೆ ಕೇಕ್ ಇವತ್ತಲ್ವಾ ಶುರು?"

"ನಾಳೆ."

"ಶೀಟಲ್ಲಿ ಇವತ್ತು ಅಂತಿರಬೇಕಲ್ಲ."

"ಇದೆ. ಮಧ್ಯೆ ಭಾನುವಾರ ಬಂದ್ರೆ ಅದು ಒಂದು ದಿನ ಮುಂಚೆನೇ ಹೇಳುತ್ತೆ ರೀ. ನಾನು ಒಂದು ದಿನ ಸೇರಿಸ್ಕೋತೀನಿ."

"ನಿನಗೆ ಗೊತ್ತಿತ್ತಾ? ನನಗ್ಯಾಕೆ ಹೇಳಲಿಲ್ಲ?"

"ಹೇಳೋದೇನು? ನೀವು ಆರಕ್ಕೆ ಬರ್ತೀನಿ ಅಂದ್ರೆ ನಾನು ಏಳಕ್ಕೆ ಕಾಫಿಗಿಡ್ತೀನಿ. ಅದನ್ನೂ ಹೇಳಿಲ್ಲ."

ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಸಕ್ಕರೆ ಹೂವು ಒಣಗುವುದಕ್ಕೇ ಎರಡು ದಿನ ಬೇಕೆಂದು ಅವನಿಗೂ ಗೊತ್ತಿತ್ತು. ಹಸಿ ಹೂವು ಮದುವೆಯ ನಡುವೆ ಒಂದೊಂದಾಗಿ ಜಾರುವುದು ಕಣ್ಣಿಗೆ ಕಟ್ಟಿತು. ಮಂಗಳವಾರ ಹಾಕಿದ ಹೊಸ ಆವೃತ್ತಿಯಲ್ಲಿ ಇವತ್ತೆಂದರೆ ಇವತ್ತೇ ಎಂದು ನೆಲ ನೋಡುತ್ತ ಎಲ್ಲ ಒಪ್ಪಿಕೊಂಡ.

ಹೆಂಡತಿ ಬೈಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿಯಾಗಿತ್ತು.

"ಗೊತ್ತಿರೋ ತಪ್ಪು ಮನೆ ಬೆಕ್ಕಿದ್ದ ಹಾಗೆ," ಎಂದಳು ಕೊನೆಗೆ. "ಎಲ್ಲಿ ಮಲಗುತ್ತೆ ಅಂತ ಗೊತ್ತಿದ್ರೆ ಕಾಲಿಗೆ ಸಿಗಲ್ಲ. ನೀವು ಅದನ್ನ ಓಡಿಸಿದ್ರಿ, ಸರಿ. ನಂಗೊಂದು ಮಾತು ಹೇಳಬಾರದಿತ್ತಾ?"

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಒಳಗಿನಿಂದ ಅತ್ತೆಯ ಧ್ವನಿ ಬಂತು.

"ಇವತ್ತು ಹೋದ ದಿನ ಎಲ್ಲಿಂದ ತರೋದು?" ಎಂದಳು ಹೆಂಡತಿ.

ಅದರ ಬದಲಿಗೆ ಸಿಗುವಂತಿದ್ದದ್ದು ಒಂದೇ ದಿನ, ಭಾನುವಾರ. ಭಾನುವಾರ ಅವಳು ಓವನ್ ಮುಟ್ಟುತ್ತಿರಲಿಲ್ಲ. ಕೆಲಸದಾಕೆಗೂ ಅಂದು ರಜೆ. ಆದ್ದರಿಂದ ಆ ಭಾನುವಾರ ಕೆಲಸದಾಕೆಯ ಏಪ್ರನ್ ತಾರೀಖಪ್ಪನ ಸೊಂಟಕ್ಕೆ ಬಿತ್ತು. ಹಿಟ್ಟು ಜರಡಿ ಹಿಡಿದ, ಮೊಟ್ಟೆ ಒಡೆದ, ಸೋರುವ ನಲ್ಲಿಯ ಕೆಳಗೆ ಗುಡ್ಡದಷ್ಟು ಪಾತ್ರೆ ತೊಳೆದ. ಮೊದಲು ಮಾಡಿದ ಸಕ್ಕರೆ ಗುಲಾಬಿ ಎಲೆಕೋಸಿನಂತಿತ್ತು. ಅತ್ತೆ ಅದನ್ನು ತಿರುಗಿಸಿ ನೋಡಿ, "ಇದನ್ನ ಹಿಂದಗಡೆಗೆ ಇಡು," ಎಂದು ಮಗಳಿಗೆ ಹೇಳಿದರು. ಮಧ್ಯಾಹ್ನ ಮೊಬೈಲು ಸದ್ದು ಮಾಡಿತು. ದೂರು ಬಂತೆಂದು ಹಿಟ್ಟಿನ ಕೈಯಲ್ಲೇ ತೆಗೆದ. ಯಾರೋ ಅಪರಿಚಿತ ಬರೆದಿದ್ದ: ನಮಗೆ ಒಂದು ದಿನ ಉಳಿಸಿಕೊಟ್ಟಿರಿ, ವಂದನೆಗಳು. ತಾರೀಖಪ್ಪ ಅದನ್ನು ಯಾರಿಗೂ ಓದಿ ಹೇಳಲಿಲ್ಲ.

ಬುಧವಾರ ಒಡತಿ ಕೇಕಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಎಲೆಕೋಸಿನ ಹತ್ತಿರ ನಿಂತಳು. "ಇದು ಹೊಸ ಥರದ ಹೂವು," ಎಂದ ಒಡತಿ ಬರುವ ಮದುವೆಗಳನ್ನೆಲ್ಲ ಒಂದೊಂದಾಗಿ ಬರೆಸತೊಡಗಿದಳು.

ಮನೆಗೆ ಬಂದು ಹೆಂಡತಿ ಹಾಳೆ ತೆರೆದಳು. "ರೀ, ಇಲ್ಲೊಂದು ಹೊಸ ಸಾಲು ಹಾಕಿ. ಇದರಲ್ಲಿ ಭಾನುವಾರಾನೂ ಕೆಲಸದ ದಿನ."

"ನಿನಗೆ ರಜೆ ಬೇಡವಾ?"

"ನನ್ನ ರಜೆ ನನ್ನ ಸಾಲಲ್ಲಿ ಹಾಗೇ ಇದೆ. ಇದು ನಿಮ್ಮದು. ಮೊದಲನೇ ಕೆಲಸ, ನಲ್ಲಿ."

ತಾರೀಖಪ್ಪ ಕೂತು ಸಾಲು ಹಾಕಿದ, ಎಣಿಸಿ ಪರೀಕ್ಷಿಸಿದ. ಬಿಡಬೇಕಾದ ಭಾನುವಾರ ಒಂದೂ ಇಲ್ಲದ್ದರಿಂದ ಲೆಕ್ಕ ಮೊದಲ ಸಲಕ್ಕೇ ಸರಿಯಾಗಿ ಬಂತು.