ಎಡಗೈ ನೂಲು, ಬಲಗೈ ನೂಲು

ಹೆಂಡತಿಗೆ ಕಾಗದ ಬರೆಯುವುದರಲ್ಲಿ ನನ್ನಷ್ಟು ದಡ್ಡ ಇನ್ನೊಬ್ಬನಿರಲಾರ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಗಳೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ನನ್ನ ಹೆಂಡತಿ ಸರೋಜ ಹೊನ್ನಾಳಿಯಲ್ಲಿ ಶಾಲಾ ಟೀಚರು. ಎರಡೂ ಊರು ಆಗ ಬೇರೆ ಬೇರೆ ಜಿಲ್ಲೆ. ವರ್ಗಾವಣೆಯ ಅರ್ಜಿ ಎಲ್ಲಿ ಹೋಗಿ ಮಲಗುತ್ತಿತ್ತೋ ದೇವರೇ ಬಲ್ಲ. ತಿಂಗಳಿಗೊಂದು ಭಾನುವಾರ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಅವಳ ಮನೆ ಮುಟ್ಟಿದರೆ, ಕಾಫಿ ಆರುವುದರೊಳಗೆ ವಾಪಸು ಬಸ್ಸಿನ ಹೊತ್ತು. ಅವಳು ತುಂಬಾ ನೆನಪಾಗುತ್ತಿದ್ದಳು. ಹಾಗೆಂದು ಬರೆಯಲು ನಾಚಿಕೆ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯುತ್ತಿದ್ದೆ. ಇಲ್ಲಿ ಇದ್ದವನು ನಾನೊಬ್ಬನೇ.

ಹೀಗಿರುವಾಗ ಮಿಲಿಟರಿಯಲ್ಲಿದ್ದ ಅವಳ ತಮ್ಮ ಕಾಶ್ಮೀರದಿಂದ ಒಂದು ಚೀಲ ಪಶ್ಮೀನಾ ಉಣ್ಣೆ ತಂದುಕೊಟ್ಟ. ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗದಷ್ಟು ಹಗುರ. “ಮದುವೆಯಾಗಿ ಮೂರು ವರ್ಷ ಆತು. ನಾವಿಬ್ರೂ ಸೇರಿ ಮಾಡಿದ್ದು ಅಂತ ಈ ಮನ್ಯಾಗೆ ಒಂದಾದ್ರೂ ಐತೇನ್ರಿ? ಅರ್ಧ ನೀವು ನೂಲ್ರಿ, ಅರ್ಧ ನಾನು. ಎರಡೆಳೆ ಕೂಡಿಸಿ ಹುರಿ ಮಾಡಿ ಒಂದು ಶಾಲು ಹೆಣಿತೀನಿ” ಎಂದಳು ಸರೋಜ. ಅವಳಿಗೇನು, ಶಾಲೆಯಲ್ಲಿ ತಕಲಿ ತಿರುಗಿಸಿ ಕಲಿತವಳು. ನಾನು ಪೈಜಾಮದ ಲಾಡಿಯನ್ನೇ ನೆಟ್ಟಗೆ ಕಟ್ಟಲಾರದವನು. ಆದರೂ ಹೂಂ ಎಂದೆ.

ಅಲ್ಲಿಂದ ನಮ್ಮ ಕಾಗದಗಳಿಗೆ ಜೀವ ಬಂತು. ಯಾವ ಬಣ್ಣಕ್ಕೆ ಯಾವುದು ಒಪ್ಪುತ್ತದೆ ಎಂದು ಎರಡು ತಿಂಗಳು ಚರ್ಚೆ. ನಾನು ಕೆಂಪಿಗೆ ಗಿಣಿಹಸಿರು ಎಂದರೆ, ‘ಶಾಲೋ, ಪೆಪ್ಪರಮಿಂಟೋ?’ ಎಂದು ಅವಳು ಬರೆದಳು. ಕೊನೆಗೆ ನನ್ನ ಪಾಲಿನ ಉಣ್ಣೆಗೆ ಅರಿಸಿನ ಬಣ್ಣ ಹಾಕಿಸುವುದು, ಅವಳದಕ್ಕೆ ನೇರಳೆ ಎಂದಾಯಿತು. ನೇರಳೆ ಎಂದರೆ ಇಂಥದ್ದೇ ಎಂದು ತನ್ನ ರವಿಕೆ ಬಟ್ಟೆಯ ಚೂರೊಂದನ್ನು ಲಕೋಟೆಯಲ್ಲಿಟ್ಟು ಕಳಿಸಿದಳು. ಬಣ್ಣ ನೋಡಿ ಆದ ಮೇಲೂ ಅದನ್ನು ಬಹಳ ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ನನಗೆ ನೂಲಲು ಕಲಿಸಿದವನು ಕುರಿ ಮೇಯಿಸುತ್ತಲೇ ಕದಿರು ತಿರುಗಿಸುತ್ತಿದ್ದ ಈರಜ್ಜ. ಪಶ್ಮೀನಾ ಮುಟ್ಟಿ ನೋಡಿ, “ಇದೇನ್ ಸಾಹೇಬ್ರೆ, ಬೆಕ್ಕಿನ ಮೈಯಾಗಿಂದು ಕಿತ್ಕಂಡ್ ಬಂದೀರೇನು?” ಎಂದ. ನಾನು ಎಡಚ. ಎಡಗೈಯಲ್ಲೇ ಕದಿರು ತಿರುಗಿಸಿದೆ. ಅಜ್ಜ, “ಯಾವ ಕೈ ಆದ್ರೇನು, ಎಳಿ ಗಟ್ಟಿ ಐತಲ್ಲ, ಸಾಕ್ ಬಿಡ್ರಿ” ಎಂದುಬಿಟ್ಟ. ಅವನ ಕಂಬಳಿಗೆ ಒಂಟಿ ಎಳೆಯೇ ಸಾಕು. ಎಳೆಗೆ ಎಳೆ ಹೊಸೆಯುವ ತಾಪತ್ರಯ ಅವನಿಗೆಲ್ಲಿತ್ತು? ಎಂಟು ತಿಂಗಳು ನೂತೆ.

ದಸರಾ ರಜೆಯಲ್ಲಿ ನನ್ನ ಉಂಡೆ ಹಿಡಿದು ಹೊನ್ನಾಳಿಗೆ ಹೋದೆ. ಅರಿಸಿನದ ಪಕ್ಕ ನೇರಳೆ ಇಟ್ಟರೆ, ಆಹಾ, ಕಣ್ಣು ತುಂಬುತ್ತಿತ್ತು. ಹುರಿ ಮಾಡಲು ಹೊರಟರೆ ಮಾತ್ರ ಗ್ರಹಚಾರ. ಎಡಗೈಯಲ್ಲಿ ನೂತ ನನ್ನದು ಎಡಕ್ಕೆ ತಿರುಗಿದ ನೂಲು, ಬಲಗೈಯ ಅವಳದು ಬಲಕ್ಕೆ. ಬಲಕ್ಕೆ ಹೊಸೆದರೆ ನನ್ನ ಎಳೆ ಬಿಚ್ಚಿಕೊಂಡು ಉದುರಿತು. ಎಡಕ್ಕೆ ಹೊಸೆದರೆ ಅವಳದು. ಸರೋಜ ಮೊದಲು ನಕ್ಕಳು. ಆಮೇಲೆ ಉದುರಿದ ಎಳೆಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಂಡಳು. ಅವಳ ಮುಖ ನೋಡಿ, “ನಾನೇ ಮೊದಲಿಂದ ನೂಲ್ತೀನಿ” ಎಂದೆ.

“ಬ್ಯಾಡ್ರಿ, ನಿಮ್ಮ ಕೈಯಾಗೆ ಮತ್ತೆ ಎಂಟು ತಿಂಗಳು. ಉಣ್ಣೆ ಇನ್ನೂ ಉಳಿದೈತೆ, ನಾನೇ ಎಡಗೈಲಿ ನೂಲಾಕೆ ಕಲಿತೀನಿ. ನೀವು ಎದುರಿಗೆ ಕುಂತು ಹೇಳ್ಕೊಡ್ರಿ, ಅಷ್ಟೆ.”

ಹೊಟ್ಟೆನೋವೆಂದು ಕಚೇರಿಗೆ ತಂತಿ ಕೊಟ್ಟು ಎರಡು ವಾರ ಉಳಿದೆ. ಮದುವೆಯಾದ ಮೇಲೆ ಅಷ್ಟು ದಿನ ಒಟ್ಟಿಗೆ ಇದ್ದದ್ದು ಅದೇ ಮೊದಲು. ದಿನವೂ ಅವಳ ಕೈ ಹಿಡಿದು ಕಲಿಸಿದೆ. ದಿನವೂ ಎಳೆ ಕಡಿಯಿತು. ಹೊರಡುವ ದಿನಕ್ಕೂ ಅವಳು ನೂತದ್ದು ಒಂದು ಗೇಣು. ಗುರುವಿನ ಗತ್ತಿನಲ್ಲಿ ಸಮಾಧಾನ ಹೇಳಿ ಬಸ್ಸು ಹತ್ತಿದೆ.

ತಿಂಗಳಾಗುವುದರೊಳಗೆ ಜಗಳೂರಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಎಡಗೈಯಲ್ಲಿ ನೂತ ನೇರಳೆ ನೂಲಿನ ದೊಡ್ಡ ಉಂಡೆ, ಎಲ್ಲೂ ಒಂದು ಗಂಟಿಲ್ಲ. ಜೊತೆಗೊಂದು ಚೀಟಿ: ‘ನನಗೆ ಎಡಗೈಲಿ ನೂಲಲು ಎರಡನೇ ದಿನವೇ ಬಂದಿತ್ತು ರೀ. ಹೇಳಿದ್ದರೆ ಮೂರನೇ ದಿನ ನೀವು ಬಸ್ಸು ಹತ್ತುತ್ತಿದ್ದಿರಿ.’

ಅವತ್ತು ಬೆಳಿಗ್ಗೆಯಷ್ಟೇ ನಾನು ಕಚೇರಿಯಲ್ಲಿ, ನನ್ನ ಹೆಂಡತಿ ಪಾಪ ಬಹಳ ಒಳ್ಳೆಯವಳು, ಕಲಿಯುವುದರಲ್ಲಿ ಮಾತ್ರ ಸ್ವಲ್ಪ ನಿಧಾನ ಎಂದು ಎಲ್ಲರಿಗೂ ಹೇಳಿ ಮುಗಿಸಿದ್ದೆ.