ತರಗು ಕೇಳಿದ ತಪ್ಪಿಗೆ

ಮಾನ್ಯ ಎಲೆಯೂದುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮದರಾಸಿನ ಮಾಧವರಂನ ನಮ್ಮ ಫ್ಲ್ಯಾಟುಗಳ ನೆಲಮಹಡಿಯ ಹಿಂಬದಿ ಮನೆಯವನೂ ಪೆರಂಬೂರಿನಲ್ಲಿ ರೈಲು ಡಬ್ಬಿಗಳಿಗೆ ಬೋಲ್ಟು ಬಿಗಿದು ನಿವೃತ್ತನಾದವನೂ ಆದ ಸೀತಾರಾಮ ಮಾಡುವ ಅನಂತ ನಮಸ್ಕಾರಗಳು. ತಾವು ಹೊಟ್ಟೆತುಂಬ ಪೆಟ್ರೋಲು ಕುಡಿದು ಆರೋಗ್ಯವಾಗಿದ್ದೀರೆಂಬುದು ಬೆಳಗಿನ ಗರ್ಜನೆಯಿಂದಲೇ ತಿಳಿದು ಸಂತೋಷವಾಯಿತು. ನಾವೂ ಕಿಟಕಿ ಮುಚ್ಚಿಕೊಂಡು ಕ್ಷೇಮವಾಗಿದ್ದೇವೆ.

ಅರಿಕೆ ಏನೆಂದರೆ, ನಮ್ಮ ಕಟ್ಟಡದ ಹಿಂದೆ ಒಂಬತ್ತು ವರ್ಷದ ಕೆಳಗೆ ನಾವೇ ಒತ್ತೊತ್ತಾಗಿ ನೆಟ್ಟ ಹೊಂಗೆ, ಬೇವು, ನೇರಳೆ ಬೆಳೆದು ಒಂದು ಪುಟ್ಟ ಕಾಡೇ ಆಗಿದೆ. ಮರಗಳನ್ನು ಎಲ್ಲರೂ ಹೊಗಳುತ್ತಾರೆ, ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಳಗಿನ ಮಣ್ಣನ್ನು ಮಾತ್ರ ಕೇಳುವವರಿಲ್ಲ. ಆ ಬಡಪಾಯಿ ಉದುರಿದ ಎಲೆ ಹೊದ್ದು, ಎರೆಹುಳು, ಬಿಳಿನೂಲಿನಂಥ ಬೂಷ್ಟು ಎಲ್ಲವನ್ನೂ ಒಡಲಲ್ಲಿಟ್ಟುಕೊಂಡು, ಎಂಥ ಮಳೆ ಬಂದರೂ ಕುಡಿದು ಸುಮ್ಮನಿರುತ್ತಿತ್ತು. ನನ್ನ ಕೊಡೆಯನ್ನು ಊರಿದರೆ ಅರ್ಧ ಕೊಡೆ ಒಳಗಿಳಿಯುತ್ತಿತ್ತು. ಕಾಡಿಲ್ಲದ ಕಾಲದಲ್ಲಿ ಒಂದು ಡಿಸೆಂಬರಿನಲ್ಲಿ ಮನೆಯೊಳಗೆ ಮೊಣಕಾಲುದ್ದ ನೀರು ನಿಂತು, ಮಂಡಿನೋವಿನ ನನ್ನ ಹೆಂಡತಿ ಜಲಜಾ ಮೆಟ್ಟಿಲು ಹತ್ತಲಾರದೆ ಎರಡು ದಿನ ಊಟದ ಮೇಜಿನ ಮೇಲೆ ಕೂತಿದ್ದಳು. ಮಣ್ಣು ಹದಕ್ಕೆ ಬಂದ ಮೇಲೆ ಐದು ಮಳೆಗಾಲ ನೀರು ನಮ್ಮ ಹೊಸ್ತಿಲು ದಾಟಲಿಲ್ಲ. ಬೋರಿನ ನೀರಿನ ಉಪ್ಪು ಇಳಿದು ಬೇಳೆಯೂ ಬೇಯತೊಡಗಿತು.

ಇಂಥ ಸೋಮಾರಿ ಮಣ್ಣಿನ ಆಳ್ವಿಕೆಗೆ ತಾವು ಬಂದು ಮಂಗಳ ಹಾಡಿದಿರಿ. ಅಬ್ಬಬ್ಬಾ, ಏನು ಕಸುವು, ಏನು ಶಿಸ್ತು! ಹುಳುಹುಪ್ಪಟೆಗಳು ವರ್ಷಗಟ್ಟಲೆ ಕೂತು ಅರೆದದ್ದನ್ನು ತಾವು ಅರ್ಧ ಗಂಟೆಯಲ್ಲಿ ಹಾರಿಸಿ, ಅದರ ಒಂದು ಪಾಲನ್ನು ನಮ್ಮ ದೋಸೆಹಿಟ್ಟಿಗೂ ದಯಪಾಲಿಸಿದಿರಿ. ಎಲೆಯೆಲ್ಲ ಮೂಟೆಯಾಗಿ ಲಾರಿ ಹತ್ತಿತು. ಮರಗಳು ಸೊರಗಿದವೆಂದು ಅಂಗಡಿಯಿಂದ ಗೊಬ್ಬರದ ಚೀಲ ಬಂತು. ಮೊನ್ನೆ ಕೊಡೆ ಊರಿದರೆ ಟಣ್ ಎಂದಿತು.

ಸಂಘದ ಸಭೆಯಲ್ಲಿ ನಾನು ಇದನ್ನೇ ಹೇಳಹೊರಟಿದ್ದೆ. ಮದರಾಸಿಗೆ ಬಂದು ನಲವತ್ತು ವರ್ಷವಾಗಿ ತಮಿಳು ಸರಾಗವಾಗಿದ್ದರೂ ಸಿಟ್ಟು ಬಂದರೆ ನನ್ನ ನಾಲಿಗೆ ಸೀದಾ ಊರಿಗೆ ಓಡುತ್ತದೆ. ಒಣಗಿದ ಎಲೆಗೆ ತಮಿಳಿನಲ್ಲಿ ಸರುಗು ಎನ್ನಬೇಕೆಂಬುದು ಮರೆತು, ನಮ್ಮ ತರಗನ್ನೇ ಹಿಡಿದು ಎದ್ದು ನಿಂತು, "ಅಂದ ತರಗು ಎಲ್ಲಾಂ ಎನಕ್ಕು ವೇಣುಂ, ವೆಳಿಯೆ ಯಾರುಕ್ಕುಂ ಕುಡುಕ್ಕಾದೀಂಗ" ಎಂದು ಗುಡುಗಿಬಿಟ್ಟೆ. ಆ ತರಗೆಲ್ಲ ನನಗೇ ಬೇಕು, ಹೊರಗೆ ಯಾರಿಗೂ ಕೊಡಬೇಡಿ ಎಂದು. ತಮ್ಮನ್ನು ಕೊಂಡು ತಂದ ಕಾರ್ಯದರ್ಶಿ ಕದಿರೇಸನ್ ಅವರು ಬೆವರೊರೆಸಿಕೊಂಡು ಮೆಲ್ಲಗೆ, "ಎವ್ವಳವು ಸಾರ್?" ಎಂದರು. ಎಷ್ಟು ಎಂದು ಕೇಳಿದರಲ್ಲ, ನಾನು ಎರಡೂ ಕೈ ಅಗಲಿಸಿ ಮೂಟೆ ಮೂಟೆ ಎಂದೆ. ಅವರು ನಡಾವಳಿ ಪುಸ್ತಕ ಎಳೆದುಕೊಂಡರು.

ಮೊಮ್ಮಗಳು ಶ್ರೀಯಾ ನನ್ನ ಅಂಗಿ ಜಗ್ಗಿ, "ತಾತಾ, ತಮಿಳ್‌ಲ ತರಗುನ್ನಾ ಬ್ರೋಕರ್ ಕಮಿಷನ್!" ಎಂದು ಪಿಸುಗುಟ್ಟುವ ಹೊತ್ತಿಗೆ, ಯಂತ್ರ ಖರೀದಿಯಲ್ಲಿ ಸೀತಾರಾಮ ದಲ್ಲಾಳಿ ಪಾಲು ಕೇಳಿದ್ದಾರೆ, ಸಭೆ ನಿರಾಕರಿಸಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದಾಗಿತ್ತು. ಮಣ್ಣಿನ ವಿಷಯ ಅಲ್ಲಿಗೆ ಮಣ್ಣುಪಾಲು. ಈಗ ಲಿಫ್ಟಿನ ಹತ್ತಿರ ನಾನು ಕಂಡರೆ ಜನ ಮೆಟ್ಟಿಲು ಹತ್ತಿ ಹೋಗುತ್ತಾರೆ. "ಸಿಟ್ಟು ಮಾಡ್ಕೊಳ್ಳುದಾದ್ರೆ ಇನ್ನು ಮನೇಲೇ ಮಾಡ್ಕೊಳ್ಳಿ ಮಾರಾಯ್ರೆ" ಎಂದು ಜಲಜಾಳ ಅಪ್ಪಣೆಯಾಗಿದೆ.

ಆದ್ದರಿಂದ ಮನುಷ್ಯರ ಸಹವಾಸ ಬಿಟ್ಟು ತಮ್ಮಲ್ಲೇ ಬೇಡಿಕೊಳ್ಳುತ್ತಿದ್ದೇನೆ. ತಾವು ಕೊಳವೆಯನ್ನು ನೆಲಕ್ಕಿಟ್ಟು ಊದಿ, ಎರೆಹುಳುಗಳು ಕೊರೆದಿದ್ದ ಸಾವಿರಾರು ದಾರಿಗಳನ್ನು ಮತ್ತೆ ತೆರೆಯಬೇಕು. ಮನೆ ಬಿಟ್ಟುಹೋದ ಹುಳುಗಳ ಮನವೊಲಿಸಿ ಕರೆತರಬೇಕು. ಅಷ್ಟು ಬಿಡುವಿಲ್ಲದಿದ್ದರೆ, ಮಳೆಗಾಲದಲ್ಲಿ ತಾರಸಿಯ ಮೇಲೆ ನಿಂತು ಮೋಡಗಳನ್ನೆಲ್ಲ ಬಂಗಾಳ ಕೊಲ್ಲಿಗೇ ಊದಿ ಕಳಿಸಿಬಿಡಬೇಕು. ತಮಾಷೆ ಇರಲಿ, ನನಗೆ ನಿಜವಾಗಿ ಹೆದರಿಕೆಯಾಗಿದೆ. ಜಲಜಾ ಆಗಲೇ ಊಟದ ಮೇಜನ್ನು ಒರೆಸಿ, ಅದರ ಮೇಲೆ ಒಂದು ದಿಂಬು ಇಟ್ಟಿದ್ದಾಳೆ.

ತಮ್ಮ ಗಾಳಿಗೆ ಮಾನ ಹಾರಿಹೋದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸೀತಾರಾಮ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಮೊದಲ ಮಳೆ ಹೊಡೆಯಿತು. ಮಣ್ಣು ಒಂದು ಗುಟುಕೂ ಕುಡಿಯಲಿಲ್ಲ. ತಮ್ಮ ಬಿಡಾರವೂ ನೆಲಮಹಡಿಯಲ್ಲೇ, ಮೆಟ್ಟಿಲ ಕೆಳಗೇ ಇರುವುದರಿಂದ ನೀರು ಮೊದಲು ತಮ್ಮನ್ನೇ ನೋಡಲು ಬಂತು. ತಾವು ಕುತ್ತಿಗೆವರೆಗೆ ಮುಳುಗಿದ್ದನ್ನು ಕಣ್ಣಾರೆ ಕಂಡೆ. ಎತ್ತಿ ಅಟ್ಟದ ಮೇಲಿಡೋಣವೆಂದು ಕೈ ಚಾಚಿದ್ದೆ ಕೂಡ. ಅದಕ್ಕೂ ತರಗು ಕೇಳುತ್ತಾನೆ ಅಂದಾರು ಎಂದು ಸುಮ್ಮನೆ ಬಂದೆ.