ಎಪ್ಪತ್ತೆರಡನೇ ಇಸವಿಯ ಅಳಿಯ

ಸೀರಿಯಲ್ಲಿನ ಕೆಲಸದಲ್ಲಿ ಕ್ಯಾಮೆರಾ ಮುಂದೆ ನಡೆಯುವ ನಾಟಕಕ್ಕಿಂತ ಹಿಂದೆ ನಡೆಯುವುದೇ ಹೆಚ್ಚು. ಅದರಲ್ಲೂ ಸ್ವಂತ ಊರಿನ ಕಡೆ ಶೂಟಿಂಗ್ ಇಟ್ಟುಕೊಂಡರೆ ಮುಗಿಯಿತು, ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ನಮ್ಮ ವಿಳಾಸ ಕೇಳಿಕೊಂಡು ಬರುತ್ತವೆ.

ಎರಡು ಸಾವಿರದ ಮೂರನೇ ಇಸವಿ. ನಾನು ಆಗ ಸಹಾಯಕ ನಿರ್ದೇಶಕ. ನಿರ್ದೇಶಕರು ಯಾರನ್ನು ಬೈಯಬೇಕೆಂದು ತೋಚದಿದ್ದಾಗ ಬೈಯಲು ಇಟ್ಟುಕೊಳ್ಳುವ ಮನುಷ್ಯನಿಗೆ ಆ ಹೆಸರು. ನಮ್ಮದು ಪತ್ತೇದಾರಿ ಸೀರಿಯಲ್. ಈ ಕಾಲದ ಇನ್ಸ್‌ಪೆಕ್ಟರೊಬ್ಬ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಕಲ್ಯಾಣಿಗೆ ಬೀಳುತ್ತಾನೆ. ನೀರಿನಿಂದ ತಲೆ ಎತ್ತಿದರೆ ಎಪ್ಪತ್ತೆರಡನೇ ಇಸವಿ. ಅಲ್ಲಿ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರ ಕೊಲೆಯಾಗಿದೆ. ಕೊಲೆಗಾರನನ್ನು ಹಿಡಿದರಷ್ಟೇ ವಾಪಸ್ಸು ಬರಲು ದಾರಿ. ಎಪ್ಪತ್ತೆರಡರ ಊರನ್ನು ಎಲ್ಲಿಂದ ತರುವುದೆಂದು ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾನೇ ಬಾಯಿ ಹಾಕಿದೆ.

"ಸೆಟ್ಟು ಯಾಕೆ ಸಾರ್? ನಮ್ಮ ಅರಸೀಕೆರೆ, ಬೇಲೂರು ಕಡೆ ಬನ್ನಿ. ಅಲ್ಲಿನ್ನೂ ಎಪ್ಪತ್ತೆರಡೇ ನಡೀತಿದೆ."

ಹೀಗೆ ಅಂದದ್ದಕ್ಕೆ ನನ್ನದೇ ಕಾರಣವೂ ಇತ್ತು. ಬೇಲೂರಿನ ಹತ್ತಿರದ ಹಗರೆಯಲ್ಲಿ ಹೆಣ್ಣು ನೋಡಿಕೊಂಡು ಬಂದಿದ್ದೆ. ಹುಡುಗಿ ಅಲ್ಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ನಾಲ್ಕು ಮಾತು ಆಡುವುದರೊಳಗೆ ನನ್ನಲ್ಲಿ ಹಾಲೆಷ್ಟು ನೀರೆಷ್ಟು ಎಂದು ಅಳೆದುಬಿಟ್ಟಿದ್ದಳು, ಆದರೂ ಒಪ್ಪಿದ್ದಳು. ನಾನಂತೂ ಕಾಫಿ ಲೋಟ ಕೆಳಗಿಡುವ ಮೊದಲೇ ಸೋತಿದ್ದೆ. ಅವರಪ್ಪ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ವಿಚಾರಿಸ್ತೀನಿ" ಅಂದರು.

ನಮ್ಮ ಕಡೆ ಹೆಣ್ಣಿನ ಅಪ್ಪ ವಿಚಾರಿಸ್ತೀನಿ ಅಂದರೆ ಅದು ಬರೀ ಮಾತಲ್ಲ. ಬೀಡಾ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ಹುಡುಗನ ಗುಣ, ಕೆಲಸ, ಚಟ ಎಲ್ಲವನ್ನೂ ಜಾಲಾಡುತ್ತಾರೆ. ಕೇಳಿದವರು ಏನು ಹೇಳುತ್ತಾರೋ ಅದರ ಮೇಲೆ ಮದುವೆ. ಅವರು ಅತ್ತ ನನ್ನ ಪತ್ತೇದಾರಿಕೆಗೆ ಹೊರಟರು, ನಾನು ಇತ್ತ ಪತ್ತೇದಾರಿ ಸೀರಿಯಲ್ ಶುರು ಮಾಡಿದೆ.

ಇರೋ ಹಾಗೇ ಇರಲಿ

ಅರಸೀಕೆರೆಯಲ್ಲಿ ನಿರ್ದೇಶಕರಿಗೆ ಒಂದು ಬೀದಿ ಬಹಳ ಹಿಡಿಸಿತು. ಮಸಿ ಹಿಡಿದ ಗೋಡೆ, ಮರದ ಬಾಗಿಲು, ಬಾಗಿಲ ಮುಂದೆ ಕೊಬ್ಬರಿ ಮೂಟೆ. ನಾನು ಮನೆಮನೆಗೆ ಹೋಗಿ ಕೈ ಮುಗಿದು ಹೇಳಿದೆ. "ಬರೋ ಸೋಮವಾರ ಶೂಟಿಂಗು. ನೀವು ಏನೂ ಮಾಡಬೇಡಿ. ಎಲ್ಲ ಇರೋ ಹಾಗೇ ಇರಲಿ."

ಸೋಮವಾರ ವ್ಯಾನಿನಿಂದ ಇಳಿದ ನಿರ್ದೇಶಕರು ಬೀದಿ ತಪ್ಪಿ ಬಂದೆವೇನೋ ಎಂದು ಡ್ರೈವರನ್ನು ಕೇಳಿದರು. ಗೋಡೆಗಳಿಗೆಲ್ಲ ಗಿಳಿಹಸಿರು ಬಣ್ಣ. ಬಾಗಿಲುಗಳಿಗೆ ಹೊಳೆಯುವ ವಾರ್ನಿಶ್. ಮೂಟೆಗಳಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಕೊಬ್ಬರಿ ವ್ಯಾಪಾರಿಯೊಬ್ಬರು ಹೊಸ ಷರ್ಟು ತೊಟ್ಟು ಬಾಗಿಲಲ್ಲೇ ನಿಂತಿದ್ದರು. ನನಗೆ ಅಳು ಬರುವುದೊಂದು ಬಾಕಿ.

"ಯಜಮಾನ್ರೇ, ಏನೂ ಮಾಡಬೇಡಿ ಅಂತ ಹೇಳಿದ್ನಲ್ಲ?"

"ಹೇಳಿದ್ರಿ. ಬಂದ ನೆಂಟ್ರೂ ಏನೂ ಮಾಡಬೇಡಿ ಅಂತಾರೆ. ಹಂಗಂತ ಬರೀ ನೀರು ಕೊಟ್ಟು ಕಳಿಸ್ತೀವಾ? ಮರ್ಯಾದೆಗೆ ಹೇಳಿದ್ರಿ ಅಂದ್ಕೊಂಡ್ವಿ."

ತಪ್ಪು ನನ್ನದೇ. ಊಟಕ್ಕೆ ಕೂತವನು "ಸಾಕು ಸಾಕು" ಅಂದಾಗಲೇ ಇನ್ನೊಂದು ಸೌಟು ಬಡಿಸುವ ಊರು ನಮ್ಮದು, ಅದು ಬೆಂಗಳೂರಿನಲ್ಲಿ ಕೂತು ಮರೆತುಹೋಗಿತ್ತು. ಬೇರೆ ದಾರಿಯಿಲ್ಲದೆ ಕಲಾ ವಿಭಾಗದ ಹುಡುಗರು ಕೆಸರು, ಟೀ ಡಿಕಾಕ್ಷನ್ನು, ಇದ್ದಿಲ ಪುಡಿ ಕಲಸಿ ಹೊಸ ಗೋಡೆಗಳಿಗೆ ಬಳಿದರು. ವ್ಯಾಪಾರಿಯ ಹೆಂಡತಿ ಅದನ್ನು ನೋಡಲಾರದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಶೂಟಿಂಗ್ ಮುಗಿದ ಮೇಲೆ ಮತ್ತೆ ಬಣ್ಣ ಹೊಡೆಸಿಕೊಡುತ್ತೇವೆ ಅಂದಮೇಲೆಯೇ ಬೀದಿಯವರ ಮುಖ ಸ್ವಲ್ಪ ಸಡಿಲವಾದದ್ದು.

ಸಂಜೆ ಅದೇ ವ್ಯಾಪಾರಿ ನನ್ನನ್ನು ಪಕ್ಕಕ್ಕೆ ಕರೆದರು. "ಹಗರೆಯಿಂದ ಒಬ್ರು ಬಂದಿದ್ರು ಕಣಪ್ಪ. ನಿನಗೆ ಹೆಣ್ಣು ಕೊಡೋರಂತೆ. ಹುಡುಗ ಏನು ಕೆಲಸ ಮಾಡ್ತಾನೆ ಅಂತ ಕೇಳಿದ್ರು."

"ಏನಂದ್ರಿ?"

"ಇದ್ದದ್ದು ಇದ್ದಂಗೆ ಹೇಳ್ದೆ. ಚಿನ್ನದಂಥ ಗೋಡೆ ಕಂಡ್ರೆ ಕೆಸರು ಬಳಿಸ್ತಾನೆ ಅಂದೆ."

ಹಿಂದಕ್ಕೆ ಹೋಗುವ ಬಸ್ಸು

ಆಮೇಲೆ ಬೇಲೂರಿನ ಲಾಡ್ಜಿಗೆ ಬಂದು ಇಳಿದೆವು. ಕತೆಗೊಂದು ಹಳೆಯ ಬಸ್ಸು ಬೇಕಿತ್ತು. ಯಾರದೋ ಶೆಡ್ಡಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದ ಬಸ್ಸೊಂದನ್ನು ಹುಡುಕಿ, ತೊಳೆದು, 'ಹಾಸನ – ಬೇಲೂರು' ಎಂದು ಬೋರ್ಡು ಬರೆಸಿ, ಹಾಸನ ರಸ್ತೆಯಲ್ಲಿ ನಿಲ್ಲಿಸಿದೆವು. ನಮ್ಮ ನಟರು ಹತ್ತುವ ಮೊದಲೇ ಕಿಟಕಿಯಿಂದ ಒಂದು ಟವೆಲ್ ಒಳಗೆ ಬಿತ್ತು. ಅದರ ಹಿಂದೆಯೇ, ಬಾಗಿಲಿನಿಂದ, ಕೈಚೀಲದ ಸಮೇತ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಹತ್ತಿ ಕಿಟಕಿ ಪಕ್ಕ ಕೂತರು.

ಬಸ್ಸು ತುಂಬಿಸಲು ಕರೆಸಿದ ಯಾರೋ ನಮ್ಮ ಪಾತ್ರಧಾರಿಯೇ ಇರಬೇಕೆಂದು ನಾನೂ ಸುಮ್ಮನಿದ್ದೆ. ಕಂಡಕ್ಟರ್ ಪಾತ್ರದವನು ಸಂಭಾಷಣೆಯಲ್ಲಿದ್ದಂತೆ "ಎಂಟಾಣೆ" ಅಂದ. ಆಕೆಯ ಮುಖ ಅರಳಿತು. ಬಸ್ಸು ಹುಣಸೆಮರದವರೆಗೆ ಹೋಯಿತು. ನಿರ್ದೇಶಕರು ಕಟ್ ಅಂದರು, ಬಸ್ಸು ಹಿಂದಕ್ಕೆ ಬಂತು. ಮತ್ತೆ ಹುಣಸೆಮರ, ಮತ್ತೆ ಹಿಂದಕ್ಕೆ. ಹೀಗೇ ಬಿಸಿಲೇರುವವರೆಗೆ ನಡೆಯಿತು.

ಕೊನೆಗೆ ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕೇಳಿದರು. "ಏನಪ್ಪ, ಡ್ರೈವರ್ರು ಏನಾರ ಮರ್ತು ಬಂದವ್ನಾ?"

"ಅಮ್ಮಾ, ಇದು ಬೇಲೂರಿಗೆ ಹೋಗಲ್ಲ. ಮೂವತ್ತು ವರ್ಷ ಹಿಂದಕ್ಕೆ ಹೋಗೋ ಕತೆಯ ಬಸ್ಸು."

"ಹಿಂದಕ್ಕೆ ಹೋಯ್ತಿರೋದು ಕಾಣ್ತೈತಲ್ಲ. ಮುಂದಕ್ಕೆ ಯಾವಾಗ?"

ಇಳಿಯಿರಿ ಎಂದರೆ ಇಳಿಯಲೊಲ್ಲರು. ಹಿಡಿದ ಸೀಟು ಬಿಟ್ಟುಕೊಡುವ ವಂಶ ಅವರದ್ದಲ್ಲವಂತೆ. ಕೊನೆಗೆ ನಮ್ಮ ವ್ಯಾನಿನಲ್ಲೇ ಅವರನ್ನು ಬೇಲೂರಿಗೆ ಕಳಿಸಿ ಉಸಿರು ಬಿಟ್ಟೆ.

ಮಾರನೆಯ ದಿನ ಹುಡುಗಿ ಡೈರಿಯ ಫೋನಿನಿಂದ ಲಾಡ್ಜಿಗೆ ಫೋನ್ ಮಾಡಿದಳು. ನಗು ತಡೆಯಲಾಗದೆ ಮಾತೇ ಬರುತ್ತಿರಲಿಲ್ಲ. "ನಿನ್ನೆ ನಿಮ್ಮ ಬಸ್ಸಲ್ಲಿ ಕೂತಿದ್ರಲ್ಲ, ಅವರು ನಮ್ಮ ಸೋದರತ್ತೆ ಕಣ್ರೀ. ವ್ಯಾನಿನೋರ ಹತ್ರ ನೀವ್ಯಾರು ಅಂತ ತಿಳ್ಕೊಂಡು, ಅಪ್ಪನ ಹತ್ರ ವರದಿ ಒಪ್ಪಿಸಿದ್ರು."

"ಏನಂತ?"

"ಹುಡುಗ ಲಕ್ಷಣವಾಗವ್ನೆ, ಬಸ್ಸು ಬಿಡ್ತಾನೆ, ಆದ್ರೆ ಊರು ಮುಟ್ಟಿಸಲ್ಲ ಅಂತ."

ಅವಳು ನಗುತ್ತಲೇ ಇದ್ದಳು. ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಮುಳುಗಿದರೆ ಮೂವತ್ತು ವರ್ಷ

ಹಳೇಬೀಡಿನ ಹತ್ತಿರದ ಒಂದು ಕಲ್ಯಾಣಿಯಲ್ಲಿ ಇನ್ಸ್‌ಪೆಕ್ಟರ್ ಮುಳುಗಿ ಏಳುವ ದೃಶ್ಯ. ಬೀಳುವಾಗ ಈ ಕಾಲದ ಪ್ಯಾಂಟು, ಎದ್ದಾಗಲೂ ಅದೇ ಪ್ಯಾಂಟು, ಆದರೆ ಮೆಟ್ಟಿಲ ಮೇಲೆ ನಿಂತ ಜನ ಎಪ್ಪತ್ತೆರಡರವರು. ಅಷ್ಟೇ ಇದ್ದದ್ದು. ಕತೆ ಏನೆಂದು ಊರಿನವರೊಬ್ಬರು ಕೇಳಿದಾಗ ನಾನು, "ಇಲ್ಲಿ ಮುಳುಗಿದೋನು ಮೂವತ್ತು ವರ್ಷ ಹಿಂದಕ್ಕೆ ಹೋಗ್ತಾನೆ" ಎಂದುಬಿಟ್ಟೆ. ಕತೆಯಲ್ಲಿ ಎಂಬ ಪದ ಬಿಟ್ಟುಹೋಯಿತು.

ಹೊತ್ತು ಏರುವಷ್ಟರಲ್ಲಿ ಊರಿನ ಮುದುಕರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ನಂಬಿ ಬಂದವರೆಷ್ಟು, ತಮಾಷೆಗೆ ಬಂದವರೆಷ್ಟು ಎಂದು ನನಗೆ ಕಡೆಗೂ ಗೊತ್ತಾಗಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಪೂರ್ತಿ ಮೂವತ್ತು ಬೇಡ ಕಣಪ್ಪ. ಮೊಣಕಾಲವರೆಗೆ ಇಳಿದ್ರೆ ಹತ್ತು ವರ್ಷ ಆಗುತ್ತಾ? ಅದರಾಚೆ ಹೋದ್ರೆ ಮೂರು ಹೆಣ್ಣುಮಕ್ಕಳ ಮದುವೆ ಮತ್ತೆ ಮಾಡಬೇಕಾಗುತ್ತೆ."

ಇನ್ನೊಬ್ಬ ಅಜ್ಜ ಷರ್ಟು ಬಿಚ್ಚಿ ನೀರಿಗೆ ಇಳಿಯಲು ಸಿದ್ಧರಾಗಿ, ಪಕ್ಕದಲ್ಲಿದ್ದ ಹೆಂಡತಿಯನ್ನು ಕರೆದರು. "ಬಾರೇ, ಇಬ್ಬರೂ ಒಟ್ಟಿಗೇ ಮುಳುಗಣ. ಮತ್ತೆ ಹೊಸದಾಗಿ ಸಂಸಾರ ಮಾಡಣ."

ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನೀವು ಹೋಗಿಬನ್ನಿ. ನಾನು ಬರಲ್ಲ. ಮೂವತ್ತು ವರ್ಷದ ಹಿಂದೆ ನಿಮ್ಮಮ್ಮ ಇದ್ದರು."

ದಫೇದಾರರ ಮಾತು

ಕೊನೆಯ ಭಾಗ ಪೊಲೀಸ್ ಠಾಣೆಯದು. ಬೇಲೂರಿನಲ್ಲಿ ಖಾಲಿ ಬಿದ್ದಿದ್ದ ಹಳೆಯ ಮನೆಯೊಂದಕ್ಕೆ 'ಮೈಸೂರು ರಾಜ್ಯ ಪೊಲೀಸ್ ಠಾಣೆ' ಎಂದು ಬೋರ್ಡು ಹಾಕಿದೆವು. ಗೋಡೆಗೆ ಎಪ್ಪತ್ತೆರಡರ ಕ್ಯಾಲೆಂಡರು. ಪೇದೆಗಳಿಗೆ ಆ ಕಾಲದ ಖಾಕಿ ಚಡ್ಡಿ. ದಫೇದಾರರ ಪಾತ್ರಕ್ಕೆ ಬಂದವರು ಕಂಪನಿ ನಾಟಕದಲ್ಲಿ ಪಳಗಿದ ಹಿರಿಯ ನಟರು. ವೇಷ ಹಾಕಿದರೆಂದರೆ ಊಟಕ್ಕೆ ಕೂತಾಗಲೂ ದಫೇದಾರರೇ, ಪಲ್ಯ ಬಡಿಸುವವನನ್ನೂ "ಎಲ್ಲಿದ್ದೆಯೋ ನಿನ್ನೆ ಸಂಜೆ?" ಎಂದು ಗದರಿಸಿಯೇ ಬಡಿಸಿಕೊಳ್ಳುತ್ತಿದ್ದರು.

ಅಂದಿನ ದೃಶ್ಯದಲ್ಲಿ ಹಳ್ಳಿಯವನೊಬ್ಬ ಠಾಣೆಗೆ ದೂರು ತರಬೇಕು. ಕ್ಯಾಮೆರಾ ಕಿಟಕಿಯಾಚೆ, ಪೊದೆಯ ಮರೆಯಲ್ಲಿತ್ತು. ಹಳ್ಳಿಯವನ ಪಾತ್ರಧಾರಿ ದೋಸೆ ತಿನ್ನಲು ಹೋದವನು ಬಂದಿರಲಿಲ್ಲ. ಆ ಹೊತ್ತಿಗೆ ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್, ದಪ್ಪ ಮೀಸೆಯ ಹಿರಿಯರೊಬ್ಬರು ನೇರವಾಗಿ ಠಾಣೆಯ ಮೆಟ್ಟಿಲು ಹತ್ತಿದರು.

"ಬದಲಿಗೆ ಎಂಥ ಒಳ್ಳೇ ಮುಖ ಕಳಿಸಿದಾರೆ ನೋಡು. ಕ್ಯಾಮೆರಾ ಓಡಿಸಿ" ಎಂದರು ನಿರ್ದೇಶಕರು.

ನಾನು ಇಣುಕಿ ನೋಡಿದೆ. ಅವರು ಹುಡುಗಿಯ ಅಪ್ಪ. "ಸಾರ್" ಎಂದು ಬಾಯಿ ತೆರೆಯುವಷ್ಟರಲ್ಲಿ ನಿರ್ದೇಶಕರು ಸದ್ದು ಮಾಡಬೇಡ ಎಂದು ಕೈಯಿಂದ ನನ್ನ ಬಾಯಿ ಮುಚ್ಚಿದರು. ಒಳಗಿನ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

"ನಮಸ್ಕಾರ ಸ್ವಾಮಿ. ಒಂದು ವಿಚಾರ ಕೇಳಾಣ ಅಂತ ಬಂದೆ."

"ಹೇಳಯ್ಯಾ." ದಫೇದಾರರು ಮೀಸೆ ತಿರುವಿದರು.

"ಅರಸೀಕೆರೆ ಹುಡ್ಗ ಒಬ್ಬವ್ನೆ, ಸೀರಿಯಲ್ ತೆಗಿಯೋರ ಜೊತೆ. ಅವನಿಗೆ ನನ್ ಮಗಳು ಕೊಡೋ ಮಾತೈತೆ. ಮಂಡಿಯೋರು ಕೆಸರು ಬಳಿಸ್ತಾನೆ ಅಂತಾರೆ. ನನ್ ತಂಗಿ ಬಸ್ಸು ಬಿಡ್ತಾನೆ ಅಂತಾಳೆ. ಹಳೇಬೀಡ್ನೋರು ಮುದುಕರನ್ನ ನೀರಿಗೆ ಇಳಿಸ್ತಾನೆ ಅಂತಾರೆ. ಒಂದಕ್ಕೊಂದು ತಾಳ ಇಲ್ಲ. ಅದ್ಕೇ ನಿಮ್ಮನ್ನೇ ಕೇಳಿಬಿಡಾಣ ಅಂತ. ಅವನ ಮೇಲೆ ಏನಾರ ಕೇಸ್ ಐತಾ?"

ಬೇರೆ ಯಾವ ನಟನಾದರೂ ತಬ್ಬಿಬ್ಬಾಗುತ್ತಿದ್ದ. ನಮ್ಮವರು ಎದುರಿನವನು ಸಂಭಾಷಣೆ ಮರೆತು ಏನೋ ಕಟ್ಟಿ ಹೇಳುತ್ತಿದ್ದಾನೆಂದು ತಿಳಿದರು. ನಾಟಕದಲ್ಲಿ ಅದೇನು ಹೊಸದೇ?

"ಸೀರಿಯಲ್ಲು ಅಂದ್ರೆ ಏನೋ ನಾನರಿಯೆ. ಹುಡುಗ ಹುಟ್ಟಿದ್ದು ಯಾವ ಇಸವಿ?"

"ಎಪ್ಪತ್ತೈದು ಅಂತ ಜಾತಕದಾಗೈತೆ ಸ್ವಾಮಿ."

ದಫೇದಾರರು ಲಾಠಿಯಿಂದ ಕ್ಯಾಲೆಂಡರು ತೋರಿಸಿದರು. "ಕಣ್ಣು ಬಿಟ್ಟು ನೋಡು. ಈಗ ನಡೀತಿರೋದು ಎಪ್ಪತ್ತೆರಡು. ಅವನಿನ್ನೂ ಹುಟ್ಟೇ ಇಲ್ಲ. ಹುಟ್ಟದೇ ಇರೋನ ಮೇಲೆ ಕೇಸು ಹ್ಯಾಗಯ್ಯಾ ಹಾಕಲಿ?"

ಹುಡುಗಿಯ ಅಪ್ಪ ಕ್ಯಾಲೆಂಡರು ನೋಡಿದರು. ಪೇದೆಗಳ ಚಡ್ಡಿ ನೋಡಿದರು. ಕಿಟಕಿಯ ಕಡೆ ತಿರುಗಿ, ಪೊದೆಯ ಸಂದಿಯಲ್ಲಿದ್ದ ಕ್ಯಾಮೆರಾ ನೋಡಿದರು, ಅದರ ಪಕ್ಕದಲ್ಲಿ ಬಾಯಿ ಮುಚ್ಚಿಸಿಕೊಂಡು ನಿಂತಿದ್ದ ನನ್ನನ್ನೂ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಸರಿ ಸ್ವಾಮಿ, ಬತ್ತೀನಿ" ಎಂದು ಹೊರಗೆ ಬಂದರು.

ನಿರ್ದೇಶಕರು ಓಡಿಹೋಗಿ ಅವರ ಕೈ ಹಿಡಿದುಕೊಂಡರು. "ಯಜಮಾನ್ರೇ, ಭಾಳ ಚೆನ್ನಾಗಿ ಮಾಡಿದ್ರಿ. ಮಾತು ಆಮೇಲೆ ಡಬ್ಬಿಂಗಿನಲ್ಲಿ ಬದಲಾಯಿಸ್ಕೋತೀವಿ, ಅದನ್ನೇ ಇನ್ನೊಂದು ಸಲ ಕೇಳಿ."

ಅವರು ನನ್ನ ಕಡೆ ತಿರುಗಿಯೂ ನೋಡದೆ ಮತ್ತೆ ಒಳಗೆ ಹೋದರು. ಮತ್ತೆ ಅದೇ ಪ್ರಶ್ನೆ, ಅದೇ ಲಾಠಿ, ಅದೇ ಉತ್ತರ. ನನ್ನ ಕತೆ ಮುಗಿಯಿತು ಅಂದುಕೊಂಡೆ. ಮಗಳ ಬದುಕಿನ ವಿಷಯ ಕೇಳಲು ಬಂದ ಮನುಷ್ಯನನ್ನು ಎರಡೆರಡು ಸಲ ವೇಷ ಕಟ್ಟಿಸಿದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಅವರು ಹೊರಬಂದಾಗ ಹೋಗಿ ಕಾಲಿಗೆ ಬಿದ್ದೆ.

"ಏಳಪ್ಪ" ಎಂದು ಅವರು ನನ್ನ ತೋಳು ಹಿಡಿದು ಎತ್ತಿದರು. ಮೀಸೆಯ ಅಂಚಿನಲ್ಲಿ ನಗು ಕಂಡಿತು. ಅಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿದು, ನನಗೆ ನಿಂತಲ್ಲೇ ಕಣ್ಣೀರು ಬಂತು.

"ಊರೋರು ಒಬ್ಬೊಬ್ರು ಒಂದೊಂದು ಹೇಳಿದ್ರು. ಪೊಲೀಸ್ನೋರು ಮಾತ್ರ ಎರಡು ಸಲ ಕೇಳಿದ್ರೂ ಒಂದೇ ಮಾತು. ನಿಮ್ಮಪ್ಪಂಗೆ ಹೇಳು, ಬ್ಯಾಗ ಲಗ್ನ ಇಟ್ಕೊಳಾಣ. ನೀನು ಹುಟ್ಟಿ, ಕೇಸು ಗೀಸು ಮಾಡ್ಕೊಳೋಕೆ ಮುಂಚೆ ಮದುವೆ ಮುಗಿಸಿಬಿಡಾಣ."